ಪುಸ್ತಕದಲ್ಲಿದ್ದ ಬೆಲ್ಲ

ಹಳ್ಳಿ ಕಸುಬುಗಳ ಬಗ್ಗೆ ಬರೆದು ಪ್ರಶಸ್ತಿ ಪಡೆದ ದೊಡ್ಡ ಲೇಖಕರೊಬ್ಬರ ಪುಸ್ತಕ ಓದಿ, ಮದ್ದೂರಿನ ಕಡೆಯ ಆಲೆಮನೆಯೊಂದಕ್ಕೆ ಹೋಗಿದ್ದೆ. ಅಲ್ಲಿ ಬೆಲ್ಲಕ್ಕೆ ಕೆಮಿಕಲ್ ಸೋಕಿಸುವುದೇ ಇಲ್ಲ ಎಂದು ಅವರು ಬರೆದಿದ್ದರು. ಕೆಮಿಕಲ್ ಇಲ್ಲದ ಬೆಲ್ಲ ಕಪ್ಪಗಿರುತ್ತದೆ. ಇಲ್ಲಿದ್ದ ಬೆಲ್ಲ ಚಿನ್ನದ ಬಣ್ಣ. ನನಗೆ ಅನುಮಾನ ಬಂತು.

"ನೀವೂ ಬುಕ್ಕು ಬರಿಯೋರಾ?" ಯಜಮಾನರು ಬಿಸಿ ಬೆಲ್ಲ ಕೈಗಿಡುತ್ತಾ ಕೇಳಿದರು.

"ಹೌದು. ಕಣ್ಣಾರೆ ಕಂಡಿದ್ದಷ್ಟೇ ಬರೀತೀನಿ."

ಅವರ ನಗು ಇಂಗಿತು. ಕೊಪ್ಪರಿಗೆ ಪಕ್ಕದಲ್ಲಿದ್ದ ಬಿಳಿ ಪುಡಿಯ ಡಬ್ಬವನ್ನು ಕಾಲಲ್ಲೇ ಗೋಣಿಚೀಲದ ಹಿಂದಕ್ಕೆ ತಳ್ಳಿದರು.

"ಅದೇನು?"

"ಏನೂ ಇಲ್ಲ ಬುಡಿ ಸಾ. ಆ ಸಾಯೇಬ್ರು ಫೋನಲ್ಲೇ ಕೇಳ್ಕೊಂಡು ಎಷ್ಟು ಚೆಂದಾಗಿ ಬರುದ್ರು! ಒಂದಿನಾನೂ ಬಂದು ನಿಮ್ಮಂಗೆ ಕಾಟ ಕೊಡ್ನಿಲ್ಲ."

ಆ ಪುಸ್ತಕದಲ್ಲಿ ಇಡೀ ಒಂದು ಅಧ್ಯಾಯ ಈ ಆಲೆಮನೆಯ ಪರಿಮಳದ ಬಗ್ಗೆಯೇ ಇದೆ.