ಒಣಗಿದ ಮೆಣಸನ್ನು ಮತ್ತೆ ಹರಡಿದ್ದು

ಲಾಕ್‌ಡೌನ್ ಎಂದು ಊರೆಲ್ಲ ತಲೆಯ ಮೇಲೆ ಕೈಹೊತ್ತು ಕೂತಾಗ ನಾನು ಒಳಗೊಳಗೇ ಹಿಗ್ಗಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ಹಿಗ್ಗಿದ್ದು ನಿಜ. ಮುಳ್ಳನ್‌ಕೊಲ್ಲಿಯ ಪೇಟೆ ಬಾಗಿಲು ಹಾಕಿತ್ತು, ಹೊಳೆಯಾಚೆ ಕರ್ನಾಟಕದಲ್ಲಿರುವ ನನ್ನ ತವರಿಗೆ ದೋಣಿ ನಿಂತಿತ್ತು, ನಮ್ಮ ತೋಟದ ಕಾಳುಮೆಣಸು ಕೊಳ್ಳುವವರಿರಲಿಲ್ಲ. ಇಷ್ಟೆಲ್ಲದರ ನಡುವೆ ನನ್ನ ತಲೆಯಲ್ಲಿದ್ದದ್ದು ಒಂದೇ: ಇನ್ನು ಮಗಳು ಸಂಜೆ ಹೊತ್ತಿಗೆ ಮನೆಯಲ್ಲಿರುತ್ತಾಳೆ.

ನಮ್ಮದು ಜೈನರ ಮನೆ. ಹೊತ್ತು ಮುಳುಗುವ ಮುನ್ನ ಊಟ ಮುಗಿಯಬೇಕು. ಆಮೇಲೆ ನೀರು ಬಿಟ್ಟರೆ ಬೇರೇನೂ ಬಾಯಿಗೆ ಹಾಕುವಂತಿಲ್ಲ. ಮಗಳ ಫುಟ್ಬಾಲ್ ಶುರುವಾಗುತ್ತಿದ್ದುದೇ ಬಿಸಿಲು ತಗ್ಗಿದ ಮೇಲೆ, ಊರ ಕೆಳಗಿನ ಗದ್ದೆಬಯಲಿನಲ್ಲಿ. ಊಟ ಮಾಡಿ ಹೋದರೆ ಓಡಲಾಗದು, ಓಡಿ ಬಂದರೆ ಊಟವಿಲ್ಲ. ಅವಳು ಬರುವಷ್ಟರಲ್ಲಿ ನಾನು ಪಾತ್ರೆ ತೊಳೆದು ಬೋರಲು ಹಾಕಿರುತ್ತಿದ್ದೆ. ಅವಳೇನೂ ರಚ್ಚೆ ಹಿಡಿಯುತ್ತಿರಲಿಲ್ಲ, ನೀರು ಕುಡಿದು ಮಲಗುತ್ತಿದ್ದಳು. ಮನಸ್ಸು ಮಾಡಿದ್ದರೆ ಏನಾದರೊಂದು ದಾರಿ ಸಿಗುತ್ತಿತ್ತು. ಹಸಿವೇ ಅವಳಿಗೆ ಆಟ ಬಿಡಿಸಲಿ ಎಂದು ನಾನು ಕಾಯುತ್ತಿದ್ದೆ. ನಿಯಮದ ಹೆಸರಲ್ಲಿ ನಡೆಯುತ್ತಿದ್ದುದು ನನ್ನ ಹಟ.

ಹೆಣ್ಣುಮಗಳು ಚಡ್ಡಿ ಹಾಕಿ ಓಡುತ್ತಾಳೆ ಎಂದು ನೆಂಟರು ಚುಚ್ಚುತ್ತಿದ್ದರು. ಅವಳ ಮೊಣಕಾಲಿನ ಗಾಯ ಮಾಯುವ ಮೊದಲೇ ಇನ್ನೊಂದಾಗುತ್ತಿತ್ತು. ಈ ಆಟ ಹೇಗಾದರೂ ನಿಲ್ಲಲಿ ಎಂದು ಬಸದಿಯಲ್ಲಿ ಕೈಮುಗಿದಿದ್ದೆ ಕೂಡ. ಈಗ ನಿಂತಿತು. ಅದರ ಜೊತೆ ಲೋಕವೆಲ್ಲ ನಿಂತಿತೆಂಬುದು ನನಗೆ ಅಷ್ಟಾಗಿ ತಟ್ಟಲಿಲ್ಲ.

ಮೊದಮೊದಲು ಅವಳು ಮನೆಮುಂದೆ ಕಾಫಿ ಒಣಗಿಸುವ ಕಣದಲ್ಲಿ ಚೆಂಡು ಆಡುತ್ತಿದ್ದಳು. ಸಿಮೆಂಟಿನ ಕಣ, ಒಂದು ಕಡೆ ಕೊಟ್ಟಿಗೆಯ ಗೋಡೆ. ಆ ಗೋಡೆಗೆ ಬೆಳಗ್ಗೆಯಿಂದ ಡಬ್ ಡಬ್ ಎಂದು ಒದೆಯುವುದು. ಅವರ ಕೋಚ್ ಮಕ್ಕಳಿಗೆಲ್ಲ ವ್ಯಾಯಾಮದ ಪಾಠ ಕಳಿಸುತ್ತಿದ್ದರು. ಮಾಡಿದ್ದನ್ನು ವಿಡಿಯೋ ತೆಗೆದು ಗ್ರೂಪಿಗೆ ಹಾಕಬೇಕು. ಫೋನು ನನ್ನದು. ಊರು ಮುಚ್ಚಿದರೂ ಈ ಆಟ ಮುಚ್ಚಲಿಲ್ಲವಲ್ಲ ಎಂದು ನನಗೆ ಮೈಯೆಲ್ಲ ಉರಿಯಿತು.

ಆಗ ನಾನು ಮಾಡಿದ್ದು ಇಷ್ಟೆ. ಒಣಗಿಸಿ ಚೀಲ ಕಟ್ಟಿಟ್ಟಿದ್ದ ಮೆಣಸನ್ನು ಬಿಚ್ಚಿ, ಕಣದ ಈ ಮೂಲೆಯಿಂದ ಆ ಮೂಲೆಯವರೆಗೆ ಹರಡಿದೆ. "ಮೆಣಸು ಇನ್ನೂ ಹಸಿ ಇದೆ, ಬೂಸ್ಲು ಬರ್ತದೆ," ಅಂದೆ. ಗಂಡ ಒಂದು ಕಾಳು ಕಚ್ಚಿ ನೋಡಿ, ನನ್ನ ಮುಖವನ್ನೂ ನೋಡಿ, ಒಳಗೆ ಹೋದರು. ಮಗಳು ಚೆಂಡನ್ನು ಅಟ್ಟಕ್ಕೆ ಹಾಕಿದಳು. ಮೆಣಸಿನಲ್ಲಿ ಕಾಲಾಡಿಸಿ ಮಗುಚುವ ಕೆಲಸವನ್ನೂ ನಾನು ಅವಳಿಗೇ ಹಚ್ಚಿದೆ. ಅವಳು ತಲೆ ಬಗ್ಗಿಸಿ, ಕಾಲೆಳೆದುಕೊಂಡು, ಸಾಲು ಸಾಲಾಗಿ ನಡೆದಳು. ವಿಡಿಯೋ ಯಾಕೆ ಬರುತ್ತಿಲ್ಲ ಎಂದು ಕೋಚ್ ಮಲಯಾಳದಲ್ಲಿ ಕೇಳಿದರೆ, ಜಾಗವಿಲ್ಲ ಎಂದು ಮಲಯಾಳದಲ್ಲೇ ಉತ್ತರ ಕಳಿಸಿದೆ.

ಸಂಜೆ ನಾವು ಮೂವರೂ ಒಟ್ಟಿಗೆ ಉಣ್ಣುತ್ತಿದ್ದೆವು. ನಾನು ಬಯಸಿದ್ದು ಅದನ್ನೇ. ಆದರೆ ಅವಳು ತಟ್ಟೆಯಲ್ಲಿ ಬೆರಳಾಡಿಸಿ ಎದ್ದು ಹೋಗುತ್ತಿದ್ದಳು. ಹಗಲೆಲ್ಲ ನಿದ್ದೆ. ಮಾತಿಲ್ಲ, ಜಗಳವಿಲ್ಲ. ನನ್ನನ್ನು ಗೇಲಿ ಮಾಡದೆ ಒಂದು ದಿನವೂ ಕಳೆಯದವಳು ಏನು ಹೇಳಿದರೂ "ಆಯ್ತು" ಅನ್ನತೊಡಗಿದಳು. ತೋಟದ ಏರು ಹತ್ತುವಾಗ ಮಧ್ಯದಲ್ಲಿ ನಿಂತು ಉಸಿರು ಬಿಟ್ಟಳು. ಮುಂದೆ ಹೋಗುತ್ತಿದ್ದ ನಾನು ಹಿಂತಿರುಗಿ ನೋಡಿದೆ, ಬಯಲೆಲ್ಲ ಓಡುತ್ತಿದ್ದವಳು ಇವಳೇನಾ ಅನ್ನಿಸಿತು.

ಬಯಲಿನಲ್ಲಿ ಆಟ ಮತ್ತೆ ಶುರುವಾಗುತ್ತದೆ ಎಂದು ಕೋಚ್ ಫೋನ್ ಮಾಡಿದ ದಿನ ನಾನೇ ಓಡಿಹೋಗಿ ಅವಳ ಕೈಗೆ ಫೋನ್ ಕೊಟ್ಟೆ. ಅವಳು ಅದನ್ನು ಕಿವಿಗೂ ಇಡದೆ ಹಿಂದಕ್ಕೆ ಕೊಟ್ಟಳು.

"ಮತಿ, ಅಮ್ಮಾ," ಅಂದಳು. ತೀರಾ ಬೇಸರವಾದಾಗ ಅವಳ ಬಾಯಿಗೆ ಸಾಕು ಅನ್ನಲೂ ಶಾಲೆಯ ಮಲಯಾಳವೇ ಬರುತ್ತದೆ. "ಇನ್ನು ನಂಗೆ ಓಡಕ್ಕಾಗಲ್ಲ."

"ಯಾಕೆ ಆಗಲ್ಲ? ಸೊಲ್ಪ ದಿನ ಕಣದಲ್ಲಿ ಆಡು, ಕಾಲು ಪಳಗ್ತದೆ."

"ಕಣದಲ್ಲಿ ನಿನ್ ಮೆಣಸಿದೆಯಲ್ಲ." ಅವಳ ದನಿಯಲ್ಲಿ ಕೋಪವೇ ಇರಲಿಲ್ಲ. "ಹಸಿ ಮೆಣಸು ಕಾಲಡಿ ಮೆತ್ತಗಿರ್ತದೆ. ಇದು ಮೊದಲ್ನೇ ದಿನಾನೇ ಗಲಗಲ ಅಂತಿತ್ತು. ನಂಗೆ ಗೊತ್ತಾಗಲ್ಲ ಅಂದ್ಕೊಂಡ್ಯಾ?"

ಗೊತ್ತಿದ್ದೂ ಅವಳು ಆ ಮೆಣಸಿನ ಮೇಲೆ ನಡೆದಿದ್ದಳು.

ಅವತ್ತು ಸಂಜೆ ಒಲೆಯ ಮೇಲಿದ್ದ ಸಾರನ್ನು ಇಳಿಸಿ ಹೊರಗೆ ಬಂದೆ. ಮೆಣಸನ್ನು ಗುಡಿಸಿ ಚೀಲಕ್ಕೆ ತುಂಬಿದೆ. ಅಟ್ಟದಿಂದ ಚೆಂಡು ತಂದೆ. ಗಾಳಿ ಅರ್ಧ ಇಳಿದಿತ್ತು. ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿ ಕೊಟ್ಟಿಗೆಯ ಗೋಡೆಗೆ ಒದ್ದೆ. ಚೆಂಡು ಕದಲಿತು ಅಷ್ಟೆ, ಚಪ್ಪಲಿ ಮಾತ್ರ ಹಾರಿ ಕಾಫಿ ಗಿಡದೊಳಗೆ ಬಿತ್ತು. ಮತ್ತೆ ಒದ್ದೆ. ಮಗಳು ಬಾಗಿಲಲ್ಲಿ ನಿಂತು ಬಹಳ ಹೊತ್ತು ನೋಡಿದಳು.

"ಹೆಬ್ಬೆರಳಲ್ಲಿ ಒದ್ರೆ ಉಗುರು ಕಿತ್ತು ಬರ್ತದೆ," ಅಂದಳು ಕೊನೆಗೆ. "ಪಾದದ ಪಕ್ಕದಲ್ಲಿ ತಳ್ಳು."

ತಳ್ಳಿದೆ. ಅದು ಅವಳತ್ತ ಉರುಳಿತು. ಅವಳು ನಿಲ್ಲಿಸಿ, ವಾಪಸ್ ಕೊಟ್ಟಳು. ಸ್ವಲ್ಪ ಹೊತ್ತಿಗೆ ಅವಳಿಗೂ ಏದುಸಿರು, ನನಗಂತೂ ಹೇಳುವುದೇ ಬೇಡ. ನಾನು ಒಮ್ಮೆ ಕಾಲು ತಪ್ಪಿ ಕುಂಡೆಯೂರಿ ಬಿದ್ದಾಗ ಅವಳು ನಕ್ಕಳು. ಆ ನಗು ಕೇಳದೆ ಎಷ್ಟು ಕಾಲವಾಗಿತ್ತು! ಎದ್ದು ಮತ್ತೆ ಒದ್ದೆ. ಒಳಗಿನಿಂದ ಗಂಡ ಊಟಕ್ಕೆ ಕರೆದದ್ದು ಕೇಳಿಸಿತು, ಆದರೆ ಚೆಂಡು ಅವಳ ಕಾಲಲ್ಲಿತ್ತು. ನಾನು ಹೋಗಲಿಲ್ಲ.

ತೋಟದ ಆಚೆ ಬೆಳಕು ಇಳಿದಿದೆ ಎಂದು ಮೊದಲು ಕಂಡದ್ದು ಅವಳಿಗೇ. "ಅಮ್ಮಾ, ಹೊತ್ತು ಮುಳುಗ್ತು. ಇವತ್ತು ನಿಂಗೂ ಊಟ ಇಲ್ಲ."

ಕಣದ ಅಂಚಿನಲ್ಲಿ ಇಬ್ಬರೂ ಕೂತೆವು. "ನಾಳೆ ಬರ್ತೀನಿ ಅಂತ ಕೋಚಿಗೆ ಹೇಳು," ಅಂದಳು. ಹೂಂ ಅಂದೆ. ಬುತ್ತಿ ಕಟ್ಟಿಕೊಂಡು ನಾನೂ ಬಯಲಿಗೆ ಬರುತ್ತೇನೆ, ಬೆಳಕಿರುವಾಗಲೇ ಆಟದ ನಡುವೆ ಎರಡು ತುತ್ತು ತಿನ್ನಲು ಬಿಡಿ ಎಂದು ಕೋಚನ್ನು ಕೇಳುತ್ತೇನೆ ಅಂದೆ. ಅಷ್ಟು ಸುಲಭದ್ದನ್ನು ಇಷ್ಟು ವರ್ಷ ಮಾಡಿರಲಿಲ್ಲ. ಅಷ್ಟರಲ್ಲಿ ಹೊಟ್ಟೆ ಹಿಂಡತೊಡಗಿತು. ಓಡಾಡಿದ ಮೈಯ ಹಸಿವು ಎಷ್ಟು ಕೆಟ್ಟದ್ದೆಂದು ನನಗೆ ತಿಳಿದಿರಲಿಲ್ಲ.

ಅವಳು ಒಳಗಿನಿಂದ ಚೊಂಬಿನಲ್ಲಿ ನೀರು ತಂದಳು. ನಾನು ಗಟಗಟ ಕುಡಿಯಹೊರಟಾಗ ಕೈ ಹಿಡಿದಳು.

"ಹಂಗೆ ಕುಡೀಬೇಡ, ಸೊಲ್ಪ ಸೊಲ್ಪ ಕುಡಿ," ಅಂದಳು. "ಆಮೇಲೆ ಹೊಟ್ಟೆ ಕೆಳಗೆ ಮಾಡಿ ಬೋರಲು ಮಲಗು. ಹಸಿವು ಸುಮ್ನಾಗ್ತದೆ."