ಕೆಜಿಯಾ ಹುಟ್ಟಿದ ದೋಣಿ

ಕೋವೆಂಟ್ರಿಯಲ್ಲಿ ಬಸ್ ಓಡಿಸುತ್ತಿದ್ದ ಮಾವಿಸ್ ಟ್ರಿಂಡರ್, ನಿವೃತ್ತಳಾದ ಮೇಲೆ ಎಲ್ಲರ ಹಾಗೆ ಹಿತ್ತಲಲ್ಲಿ ಗುಲಾಬಿ ನೆಟ್ಟುಕೊಂಡು ಇರಬಹುದಿತ್ತು. ಅದು ಬಿಟ್ಟು ಹಾಕ್ಸ್‌ಬರಿಯ ಕಾಲುವೆ ದಡದಲ್ಲಿ ಕೊಳೆಯುತ್ತ ಬಿದ್ದಿದ್ದ ಮರದ ದೋಣಿಯೊಂದನ್ನು ಕೊಂಡಳು. ಎಪ್ಪತ್ತಡಿ ಉದ್ದ, ಬರೀ ಏಳಡಿ ಅಗಲ, ಒಳಗೆ ಆಳೆತ್ತರದ ಗಿಡ. ಹೆಸರು ಲಿನೆಟ್. ಅದು ಕಲ್ಲಿದ್ದಲು ಹೊರುತ್ತಿದ್ದ ಕಾಲದಲ್ಲಿ, ಹಿಂಬದಿಯ ಗೂಡಿನಂಥ ಕೋಣೆಯಲ್ಲಿ ಅವಳ ಅಮ್ಮ ಕೆಜಿಯಾ ಹುಟ್ಟಿದ್ದಳು. ಮದುವೆಯಾಗಿ ಇಳಿದು ಹೋಗುವ ತನಕ ಅಲ್ಲೇ ಬೆಳೆದಿದ್ದಳು.

ಆ ಬದುಕಿನ ಬಗ್ಗೆ ಕೆಜಿಯಾ ಯಾವತ್ತೂ ಬಾಯಿ ಬಿಟ್ಟವಳಲ್ಲ. ಮಾವಿಸ್ ಚಿಕ್ಕಂದಿನಿಂದ ಕೇಳಿದ್ದೇ ಕೇಳಿದ್ದು. ನಲ್ಲಿ ತಿರುಗಿಸಿದರೆ ಬಿಸಿನೀರು ಬರುತ್ತಲ್ಲ, ಸುಮ್ಮನಿರು ಎಂದು ಅಮ್ಮ ಗದರಿಸುವಳು. ಅಜ್ಜಿ ಹೇಗಿದ್ದಳು ಎಂದು ಕೇಳಿದರೆ ಎದ್ದು ಹೋಗುವಳು. ಕೇಳಬಾರದು ಅಂದಷ್ಟೂ ಕುತೂಹಲ ಕೊಬ್ಬುತ್ತ ಹೋಗಿ, ಕೊನೆಗೆ ದೋಣಿ ಕೊಳ್ಳುವಲ್ಲಿಗೆ ಬಂದು ನಿಂತಿತು. ಹೆತ್ತವಳ ಬಾಯಿಂದ ನಾಲ್ಕು ಮಾತು ಹೊರಡಿಸಲು ಎಪ್ಪತ್ತಡಿ ಮರ ಬೇಕಾಯಿತು ನೋಡಿ.

ಸುದ್ದಿ ಕೇಳಿದ ಕೆಜಿಯಾ ನಕ್ಕುಬಿಟ್ಟಳು.

"ಅದು ತೇಲಿದ ದಿನ ಬಂದು ನೋಡ್ತೀನಿ ಬಿಡು."

ತೇಲುವುದಿಲ್ಲ ಎಂಬ ಧೈರ್ಯ ಅವಳಿಗೆ. ಮಾವಿಸ್ ಮಾತ್ರ ಅದನ್ನು ಕೊಟ್ಟ ಮಾತು ಎಂದೇ ಹಿಡಿದುಕೊಂಡಳು. ತೇಲಿಸಿದರೆ ಅಮ್ಮ ಬರುತ್ತಾಳೆ, ಬಂದರೆ ಹೇಳುತ್ತಾಳೆ. ಅಮ್ಮನಿಗಾಗಲೇ ಎಂಬತ್ತು ದಾಟಿತ್ತು. ನಿಧಾನಿಸುವಂತಿರಲಿಲ್ಲ.

ದೋಣಿ ರಿಪೇರಿ ಕಟ್ಟೆಯ ಯಜಮಾನ ಸಿರಿಲ್ ಹೌಟನ್ ಕೆಲಸ ಕಲಿಸಿದ. ಓಕ್ ಹಲಗೆಯನ್ನು ಉಗಿಯಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಓಡಿ ತಂದು, ಬಗ್ಗಿಸಿ ಮೊಳೆ ಹೊಡೆಯಬೇಕು. ಮೊದಲ ಹಲಗೆಗಳು ದಾರಿಯಲ್ಲೇ ತಣಿದು ಸೀಳಿಹೋದವು. ಮಾವಿಸ್ ಬಸ್ ಡಿಪೋದ ಭಾಷೆಯಲ್ಲಿ ಬೈದಳು. ಸಿರಿಲ್ ಮನಸಾರೆ ಮೆಚ್ಚಿಕೊಂಡ. ಆಮೇಲೆ ಹಲಗೆಗಳ ಸಂದಿಗೆಲ್ಲ ಟಾರು ಹಚ್ಚಿದ ಸೆಣಬಿನ ನಾರು ಬಡಿದು ತುಂಬುವ ಕೆಲಸ. ಅದನ್ನು ತೀರ ಬಿಗಿಯಾಗಿಯೂ ಬಡಿಯುವಂತಿಲ್ಲ, ಮರ ಉಬ್ಬಲು ಜಾಗ ಉಳಿಯಬೇಕು. ವರ್ಷಗಳು ಹೀಗೇ ಕಳೆದವು.

ಒಣಗಿ ನಿಂತಿದ್ದ ಮರದ ದೋಣಿಯನ್ನು ನೀರಿಗಿಳಿಸಿದರೆ ಮೊದಲು ಮುಳುಗಲು ಬಿಡುವುದು ನಮ್ಮ ಕಾಲುವೆಯವರ ಪದ್ಧತಿ. ಹಲಗೆ ನೆಂದು ಉಬ್ಬಿ ತನ್ನ ಸಂದನ್ನು ತಾನೇ ಮುಚ್ಚಿಕೊಳ್ಳಬೇಕು. ಲಿನೆಟ್ ಅಂಚಿನವರೆಗೂ ನೀರಲ್ಲಿಳಿದು ಕೂತಾಗ ಸೇತುವೆ ಮೇಲೆ ಜನ ಸೇರಿ ಕ್ಯಾಮೆರಾ ತೆಗೆದರು, ಪಾಪ ಎಂದರು. ಮಾವಿಸ್ ಅವರತ್ತ ಕೈ ಬೀಸಿ ಚಹಾ ಕುಡಿದಳು.

ಮರ ನೆಂದಿದೆ ಎನ್ನಿಸಿದಾಗ ಪಂಪು ಹಚ್ಚಿ ಎತ್ತಿದರು. ದೋಣಿ ಎದ್ದಿತು. ಆದರೆ ಮರುದಿನ ಬೆಳಿಗ್ಗೆ ನೋಡಿದರೆ ಮೊಣಕಾಲು ಮಟ್ಟ ನೀರು. ಅದರ ಮರುದಿನವೂ ಅಷ್ಟೇ. ಚಹಾ ಕುಡಿಯುವ ಉತ್ಸಾಹ ಅಲ್ಲಿಗೆ ಮುಗಿಯಿತು.

ಭಾನುವಾರದ ಊಟಕ್ಕೆ ಅಮ್ಮನ ಮನೆಗೆ ಹೋದ ಮಾವಿಸ್, ಹುರಿದ ಮಾಂಸ ಮುಟ್ಟದೆ ಕೂತು, ಸೋತೆ ಎಂದಳು. ಕೆಜಿಯಾ ಅವಳ ತಟ್ಟೆಗೆ ಇನ್ನಷ್ಟು ಗ್ರೇವಿ ಸುರಿದಳು. ಆಮೇಲೆ ಯಾರೋ ಒಳಗಿಂದ ನೂಕಿದ ಹಾಗೆ ಒಂದು ಮಾತು ಬಂತು.

"ಬೂದಿ ಹಾಕಿದ್ಯಾ?"

ಇಷ್ಟು ವರ್ಷದಲ್ಲಿ ಅಮ್ಮ ತಾನಾಗಿ ಆಡಿದ ಮೊದಲ ದೋಣಿಮಾತು ಅದು. ಉದ್ದನೆಯ ಕೋಲಿನ ತುದಿಗೆ ಡಬ್ಬ ಕಟ್ಟಬೇಕಂತೆ. ಅದಕ್ಕೆ ಜರಡಿ ಹಿಡಿದ ಬೂದಿ, ಮರದ ಹೊಟ್ಟು ತುಂಬಿ, ದೋಣಿಯಡಿಗೆ ತೂರಿಸಿ, ಬಾಯನ್ನು ತಳಕ್ಕೆ ಒತ್ತಿ ಅಲುಗಿಸಬೇಕಂತೆ. ಒಳಗೆ ನುಗ್ಗುವ ನೀರೇ ಪುಡಿಯನ್ನು ಎಳೆದುಕೊಂಡು ಸಂದಿಗೆ ತುರುಕುತ್ತದೆ. ಮಾವಿಸ್ ವಾರವಿಡೀ ಬಕೆಟ್‌ಗಟ್ಟಲೆ ಬೂದಿ ಸುರಿದಳು. ಕಾಲುವೆ ಕಪ್ಪಾಯಿತೇ ಹೊರತು ನೀರು ನಿಲ್ಲಲಿಲ್ಲ.

ಮುಂದಿನ ಸೋಮವಾರ ಕೆಜಿಯಾ ತಾನೇ ಬಂದಳು. ತೇಲಿದ ಮೇಲೆ ಬರುತ್ತೇನೆ ಅಂದದ್ದನ್ನು ಅವಳೂ ಎತ್ತಲಿಲ್ಲ, ಮಗಳೂ ಎತ್ತಲಿಲ್ಲ. ದಡದುದ್ದಕ್ಕೂ ಒಮ್ಮೆ ನಡೆದು ನೋಡಿದಳು.

"ನೀರು ನಿಂತಿರೋ ಕಡೆ ಹುಡುಕ್ತಿದ್ದೀಯಲ್ಲೇ. ಅದು ಬರೋದು ಮುಂದುಗಡೆಯಿಂದ, ನಿಲ್ಲೋದು ಇಲ್ಲಿ. ಕೋಲು ಕೊಡು."

ಮುಂದಿನ ತುದಿಯ ಹತ್ತಿರ ಮಂಡಿಯೂರಿ ಮೂರು ಸಲ ಡಬ್ಬ ತೂರಿಸಿದಳು. ಸಿರಿಲ್ ಒಳಗಿನ ನೀರೆಲ್ಲ ತೆಗೆದು ಪಂಪು ನಿಲ್ಲಿಸಿದ. ಮೂವರೂ ಕಾದು ಕೂತರು. ಮಧ್ಯಾಹ್ನ ಕಳೆದರೂ ಒಳಗೆ ನೀರು ಏರಲಿಲ್ಲ. ಸೇತುವೆ ಮೇಲಿನವರು ಚಪ್ಪಾಳೆ ತಟ್ಟಿದರು. ಮಾವಿಸ್ ಅತ್ತಳು, ನಾಚಿಕೆಪಡದೆ ಅತ್ತಳು.

ಕೆಜಿಯಾ ಸೇತುವೆಯ ಕಡೆ ತಿರುಗಿಯೂ ನೋಡದೆ ದೋಣಿ ಹತ್ತಿದಳು. ಹಿಂಬದಿಯ ಕೋಣೆಗೆ ಬೆನ್ನು ಮಾಡಿ, ತಲೆ ತಗ್ಗಿಸಿ, ಹಿಮ್ಮುಖವಾಗಿ ಇಳಿದಳು. ಕೋಣೆ ಇನ್ನೂ ಬರಿದು, ಒಲೆ ತಂದಿರಲಿಲ್ಲ, ಗೋಡೆಗೆ ಬಣ್ಣವಿರಲಿಲ್ಲ. ಆದರೂ ಅವಳು ಎಡಗಡೆ ಈಗ ಇಲ್ಲದ ಒಲೆಗೆ ತಾಗದಂತೆ ಲಂಗ ಎಳೆದುಕೊಂಡು ಪಕ್ಕದ ಒದ್ದೆ ಹಲಗೆಯ ಮೇಲೆ ಕೂತಳು. ಬಾಗಿಲಲ್ಲಿ ಬಗ್ಗಿ ನೋಡುತ್ತಿದ್ದ ಮಾವಿಸ್‌ಗೆ ಇನ್ನು ತಡೆಯಲಾಗಲಿಲ್ಲ. ಇಡೀ ಸಂಸಾರ ಇದರಲ್ಲಿ ಹೇಗೆ ಹಿಡಿಸುತ್ತಿತ್ತು, ಮಲಗುತ್ತಿದ್ದದ್ದು ಎಲ್ಲಿ, ಎಂದು ಶುರುಮಾಡಿದಳು. ಅವಳ ಬೆನ್ನ ಹಿಂದೆ ಸೇತುವೆಯಿಂದ ಯಾರೋ ಫೋಟೋ ತೆಗೆದ ಸದ್ದಾಯಿತು.

"ನೀನೂ ಅವರ ಥರಾನೇ ಇಣುಕ್ತಿದ್ದೀಯಲ್ಲ" ಎಂದಳು ಕೆಜಿಯಾ. "ಬರೋದಾದ್ರೆ ಒಳಗೆ ಬಾ. ಬಾಗಿಲು ಹಾಕು."

ಮಾವಿಸ್ ಇಳಿದು ಬಾಗಿಲು ಎಳೆದುಕೊಂಡಳು. ಕತ್ತಲಾಯಿತು. ಹಲಗೆ ಕಿರಿದು, ಇಬ್ಬರ ಮೊಣಕಾಲುಗಳೂ ತಾಗುತ್ತಿದ್ದವು. ಹುಟ್ಟಿದಾಗಿನಿಂದ ಮೊದಲ ಸಲ ಅವಳು ಏನನ್ನೂ ಕೇಳಲಿಲ್ಲ.

"ನಿಮ್ಮಜ್ಜಿ ಹೋಗಿದ್ದು ಇಲ್ಲೇ, ಹೆರಿಗೇಲಿ" ಎಂದಳು ಕೆಜಿಯಾ. "ಕಾಲುವೇಲಿ ನೀರು ಏರಿಸಿ ಇಳಿಸೋ ಲಾಕ್ ಗೇಟಿನ ಹತ್ರ ದೋಣಿ ನಿಂತಿತ್ತು. ಜನ ಮೇಲಿಂದ ಬಗ್ಗಿ ಬಗ್ಗಿ ನೋಡ್ತಿದ್ರು. ಅವಳು ನನ್ನನ್ನ ಕೇಳಿದ್ದು ನೀರಲ್ಲ ಕಣೇ. ಬಾಗಿಲು ಹಾಕು ಅಂದ್ಲು, ಅಷ್ಟೇ."