ಮಷೀನ್ ಬಾಯಿ ನನಗೇನಾಗಬೇಕು

ದೊಡ್ಡಪ್ಪನ ಮಗ ನಮ್ಮ ಮನೆತನದ ವಂಶವೃಕ್ಷ ಬರೆಸಿ, ಕಟ್ಟು ಹಾಕಿಸಿ, ಆಳಂದದ ಮನೆಯ ಪಡಸಾಲೆಯಲ್ಲಿ ತೂಗುಹಾಕಿದ್ದಾನೆ. ಕೊಂಬೆಕೊಂಬೆಗೂ ಗಂಡಸರೇ. ಹಡೆಯುವ ಕೆಲಸವನ್ನೂ ತಾವೇ ಮಾಡಿಕೊಂಡವರಂತೆ ಸಾಲಾಗಿ ನಿಂತಿದ್ದಾರೆ. ಅದರಲ್ಲಿ ನಾನಿಲ್ಲ, ನಮ್ಮ ಅವ್ವನೂ ಇಲ್ಲ. ಹೋಗಲಿ ಬಿಡಿ, ತೊಗರಿ ಮಾರಿದ್ದು, ಬದುವಿಗಾಗಿ ಜಗಳಾಡಿದ್ದು ಬಿಟ್ಟರೆ ಆ ಕೊಂಬೆಗಳಲ್ಲಿ ಹೇಳಿಕೊಳ್ಳುವಂಥದ್ದೂ ಏನಿಲ್ಲ. ನನಗೆ ಬೇಕಾಗಿದ್ದವಳು ಆ ಗಿಡದ ಹೊರಗಿನವಳು, ಮಷೀನ್ ಬಾಯಿ.

ನಮ್ಮ ಕಡೆ ಮರ್ಯಾದಸ್ಥ ಹೆಂಗಸನ್ನು ಬಾಯಿ ಅನ್ನುತ್ತಾರೆ. ಈಕೆ ಕೈಯಿಂದ ತಿರುಗಿಸುವ ಹೊಲಿಗೆ ಮಷೀನನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿದವಳು. ಸಣ್ಣ ವಯಸ್ಸಿಗೇ ಗಂಡ ಸತ್ತಿದ್ದನಂತೆ, ಮಕ್ಕಳಿರಲಿಲ್ಲ. ಪ್ರತಿ ವರ್ಷ ಸುಗ್ಗಿಯ ರಾಶಿ ಮುಗಿದ ಮೇಲೆ ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಚಾಪೆ ಹಾಸುತ್ತಿದ್ದಳು. ಓಣಿಯ ಹೆಂಗಸರು ಅರಿವೆ ಹಿಡಿದು ಸುತ್ತ ಕೂರುತ್ತಿದ್ದರು. ಆಕೆಯ ಬಲಗೈ ಹಿಡಿಕೆ ತಿರುಗಿಸುತ್ತಿತ್ತು, ಎಡಗೈ ಬಟ್ಟೆ ದಬ್ಬುತ್ತಿತ್ತು, ಬಾಯಿ ನಿಂಬರ್ಗಾದ ಸುದ್ದಿಯನ್ನು ನಮಗೆ ಕೊಟ್ಟು ನಮ್ಮ ಸುದ್ದಿಯನ್ನು ಭೂಸನೂರಿಗೆಂದು ಕಟ್ಟಿಟ್ಟುಕೊಳ್ಳುತ್ತಿತ್ತು. ಮಷೀನಿನ ಎಣ್ಣೆ ಮತ್ತು ಎಲೆಅಡಿಕೆ ಸೇರಿದ ಆ ವಾಸನೆ ಈಗಲೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ. ಒಂದು ವರ್ಷ ಆಕೆ ಬರಲಿಲ್ಲ. ಆಮೇಲೆ ಬರಲೇ ಇಲ್ಲ.

ನನಗೆ ಹೆಸರಿಟ್ಟವಳೂ ಆಕೆಯೇ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಲೆಗೆ ಕುಂಚಿಗೆ ಕಟ್ಟಿ, ಕಿವಿಯಲ್ಲಿ ಹೆಸರು ಹೇಳಬೇಕಾದವಳು ಸೋದರತ್ತೆ. ನಮ್ಮ ಅಪ್ಪನಿಗೆ ಅಕ್ಕತಂಗಿಯರಿರಲಿಲ್ಲ. ಅಜ್ಜಿ ಮಷೀನ್ ಬಾಯಿಯನ್ನೇ ಕೂರಿಸಿದಳು. ಮುತ್ತಜ್ಜಿಯ ಹೆಸರು ಎಂದು ಹಿರಿಯರು ಮೊದಲೇ ಗೊತ್ತುಮಾಡಿದ್ದರು. ಸೋದರತ್ತೆ ಹೆಸರು ಹೇಳುವಾಗ ಉಳಿದ ಹೆಂಗಸರು ಆಕೆಯ ಬೆನ್ನಿಗೆ ಗುದ್ದುವುದು ಪದ್ಧತಿ. ಗುದ್ದು ಜೋರಾಗಿಯೇ ಬಿದ್ದಿರಬೇಕು. ಆಕೆ ತೊಟ್ಟಿಲಿಗೆ ಬಗ್ಗಿ ನಮ್ಮ ಮನೆತನದಲ್ಲಿ ಯಾರಿಗೂ ಇಲ್ಲದ ಬೇರೆ ಯಾವುದೋ ಹೆಸರು ಹೇಳಿಬಿಟ್ಟಳು. "ಗಡಿಬಿಡ್ಯಾಗ ಮರತೇನ್ರಿ, ಬಾಯಿಗಿ ಬಂದಿದ್ದು ಅಂದೆ" ಎಂದು ನಕ್ಕಳಂತೆ. ಕಿವಿಗೆ ಬಿದ್ದ ಹೆಸರು ಬದಲಿಸಬಾರದೆಂದು ಅಜ್ಜಿ ಪಟ್ಟು ಹಿಡಿದಳು. ಹಾಗಾಗಿ ನನ್ನ ಹೆಸರೇ ಒಂದು ಗುದ್ದಿನ ಫಲ ಎಂದು ಮನೆಯವರೆಲ್ಲ ಕಾಡಿಸುತ್ತಿದ್ದರು. ಆಕೆಯೇ ಹೊಲಿದ ಆ ಖಣದ ಕುಂಚಿಗೆ ಇನ್ನೂ ನನ್ನ ಟ್ರಂಕಿನಲ್ಲಿದೆ. ಹೊಲಿಗೆ ಒಂದು ಕಡೆಯೂ ಬಿಟ್ಟಿಲ್ಲ.

ನೌಕರಿಯಿಂದ ನಿವೃತ್ತಳಾದ ಮೇಲೆ ಆ ಕುಂಚಿಗೆ ತೆಗೆದು ನೋಡುತ್ತಿದ್ದಾಗ ಹೊಳೆಯಿತು, ನನಗೆ ಹೆಸರಿಟ್ಟವಳ ಹೆಸರೇ ನನಗೆ ಗೊತ್ತಿಲ್ಲ. ಅದನ್ನು ತಿಳಿಯದೆ ಸಾಯಬಾರದು ಎಂದು ಹಟ ಹುಟ್ಟಿತು. ಕೇಳಿದವರೆಲ್ಲ ಮಷೀನ್ ಬಾಯಿ ಅಂದರೆ ಮಷೀನ್ ಬಾಯಿ ಅಷ್ಟೇ ಅಂದರು. ನಿಂಬರ್ಗಾದಲ್ಲಿ ಒಬ್ಬ ಮುದುಕ ಆಕೆ ಹೊಲಿದ ಅಂಗಿಯ ಜೇಬನ್ನು ಹೊಗಳಿದ, ನಂತರ ಕಣ್ಣು ಕಿರಿದು ಮಾಡಿ ಕೇಳಿದ, "ಅವ್ರು ನಿಮಗೇನಾಗಬೇಕ್ರಿ?"

"ಏನೂ ಆಗಬೇಕಾಗಿಲ್ರಿ."

"ಮತ್ಯಾಕ ಹುಡುಕಾಕತ್ತೀರಿ? ಹೊಲಾ ಗಿಲಾ ಏನರ ಅದೇನು?"

ಹೋದಲ್ಲೆಲ್ಲ ಇದೇ ಪ್ರಶ್ನೆ. ಏನೂ ಆಗಬೇಕಾಗಿಲ್ಲದವರನ್ನು ಹುಡುಕುವವರ ಮೇಲೆ ನಮ್ಮ ಜನಕ್ಕೆ ನಂಬಿಕೆಯಿಲ್ಲ. ಉತ್ತರ ಹೇಳಿ ಹೇಳಿ ನನಗೂ ಸಿಟ್ಟು ಬರತೊಡಗಿತು.

ಆಕೆಯ ಗಂಡನ ಮನೆ ಅಫಜಲಪುರದ ಕಡೆಯ ಒಂದು ಹಳ್ಳಿಯಲ್ಲಿ ಎಂದು ಯಾರೋ ಹೇಳಿದರು. ಚೌಡಾಪುರದಲ್ಲಿ ಬಸ್ಸು ಬದಲಿಸಿ ಆ ಹಳ್ಳಿಗೆ ಹೋದೆ. ಎದುರು ಸಿಕ್ಕ ರೈತನಿಗೆ "ಮಷೀನ್ ಬಾಯಿ ಗೊತ್ತದೇನ್ರಿ?" ಅಂದೆ. "ಗೊತ್ತಿಲ್ಲದೇನ್ರಿ, ಬರ್ರಿ" ಎಂದು ಕರೆದುಕೊಂಡು ಹೊರಟ. ಕಬ್ಬಿನ ಒಣಗರಿಯ ರವುದಿ ತುಳಿದು, ಸೀರೆ ಸಿಕ್ಕಿಸಿಕೊಂಡು, ಬಿಸಿಲಲ್ಲಿ ಅವನ ಹಿಂದೆ ನಡೆದೆ. ಹೊಲದ ನಡುವೆ ಒಂದು ಬಾವಿಯ ಮುಂದೆ ನಿಲ್ಲಿಸಿದ. ದಂಡೆಯ ಮೇಲೆ ತುಕ್ಕು ಹಿಡಿದ ಇಂಜಿನ್ನು. "ಇದೇ ನೋಡ್ರಿ ಮಷೀನ್ ಬಾಯಿ. ಬ್ಯಾಸಿಗ್ಯಾಗೂ ಬತ್ತಂಗಿಲ್ಲ" ಎಂದು ಹೆಮ್ಮೆಯಿಂದ ಹೇಳಿದ. ಬಾವಿಗೂ ಬಾಯಿ ಅನ್ನುವ ಊರಲ್ಲಿ ನಾನು ಬಿಡಿಸಿ ಕೇಳಬೇಕಿತ್ತು. ಮೊದಲು ಸಿಟ್ಟು ಬಂತು, ಆಮೇಲೆ ತಡೆಯಲಾಗದಷ್ಟು ನಗು. ನಾನು ಹೀಗೆ ನಗುವುದನ್ನು ಕೇಳಿ ಗುಡಿಸಲಿನಿಂದ ಅವನ ತಾಯಿ ಹೊರಬಂದಳು. ವಿಷಯ ತಿಳಿದು ಮಗನಿಗೆ ಬೈದಳು. "ಅಕಿ ಹೊಲಿಗಿ ಬಾಯಿ ಅಲ್ಲೇನ್ಲೇ! ವಯಸ್ಸಾದ ಮ್ಯಾಲ ತವರಿಗಿ ಹೋದ್ಳವ್ವ, ಜೇವರ್ಗಿ ಕಡಿ" ಎಂದು ಊರನ್ನೂ ಹೇಳಿದಳು. ಬಾವಿಯ ನೀರು ಕುಡಿದು ಹೊರಟೆ. ಸಿಹಿಯಾಗಿತ್ತು.

ಜೇವರ್ಗಿಯಿಂದ ಒಳಗೆ ಹೋದ ಆ ಊರಲ್ಲಿ ಮಷೀನ್ ಬಾಯಿಯ ತಮ್ಮನ ಸೊಸೆ ಸಿಕ್ಕಳು. ಹಲ್ಲಿಲ್ಲದ ಮುದುಕಿ, ಒಳ್ಳೆಯ ಮಾತುಗಾತಿ. ಮಷೀನ್ ಬಾಯಿಯನ್ನು ಕಡೆತನಕ ನೋಡಿಕೊಂಡವಳು ಇವಳೇ. "ಕಣ್ಣ ಹೋಗಿದ್ವುರಿ. ಮಷೀನ ಮಾರಿದ್ವಿ. ಆದ್ರ ಮಲಗಿದಾಗೂ ಬಲಗೈ ಹಿಂಗ ತಿರಗ್ತಿತ್ತು" ಎಂದು ಗಾಳಿಯಲ್ಲಿ ಕೈ ಸುತ್ತಿ ತೋರಿಸಿದಳು. ನನಗೆ ಅಳು ತಡೆಯಲಾಗಲಿಲ್ಲ.

ಆಮೇಲೆ ಕೇಳಿದೆ, "ಅವ್ರ ಹೆಸರೇನಿತ್ರಿ?"

ಮುದುಕಿ ಬಾಯಿ ಮುಚ್ಚಿಕೊಂಡಳು. "ಅತ್ತಿ ಹೆಸರ ನಾ ಹೆಂಗ ಹೇಳಲ್ರಿ? ಹಿರೇರ ಹೆಸರ ಹೇಳಬಾರ್ದು."

"ಸತ್ತು ಇಷ್ಟು ವರ್ಷ ಆತು, ಈಗೇನ್ರಿ?"

"ಸತ್ರ ಅತ್ತಿ ಅಲ್ಲಂತಾಗ್ತದೇನ್ರಿ?"

ಅವಳ ಗಂಡ ತೀರಿಹೋಗಿದ್ದ. ಮಗನಿಗೆ ಅಜ್ಜಿ ಎಂದಷ್ಟೇ ಗೊತ್ತು. ಆ ಹೆಸರು ಬಲ್ಲ ಒಂದೇ ಒಂದು ಜೀವ ನನ್ನ ಎದುರಿಗೆ ಕೂತಿತ್ತು, ತುಟಿ ಹೊಲಿದುಕೊಂಡು. ತಲೆ ಚಚ್ಚಿಕೊಳ್ಳುವಷ್ಟು ಸಿಟ್ಟು ಬಂತು. ನಮ್ಮ ಅಜ್ಜಿಯೂ ಸಾಯುವತನಕ ತನ್ನ ಅತ್ತೆಯ ಹೆಸರು ಹೇಳಿದವಳಲ್ಲ ಎಂಬುದು ನೆನಪಾಗಿ ಒತ್ತಾಯ ಬಿಟ್ಟೆ. ಚಹಾ ಬಂತು. ಕುಡಿದು ಏಳುವುದೆಂದುಕೊಂಡೆ.

"ಅಲ್ಲರಿ ಅಕ್ಕಾ, ಇಷ್ಟ ದೂರ ಬಂದೀರಿ. ನಮ್ಮತ್ತಿ ನಿಮಗೇನಾಗಬೇಕ್ರಿ?"

ಈ ಸಲ ಸಿಟ್ಟು ಬರಲಿಲ್ಲ. ತೊಟ್ಟಿಲು, ಕುಂಚಿಗೆ, ಗುದ್ದು, ಮರೆತ ಹೆಸರು, ಎಲ್ಲ ಹೇಳಿದೆ. ಮುದುಕಿ ಗುದ್ದಿನ ಮಾತಿಗೆ ನಕ್ಕಳು. "ಮತ್ತ ಏನಂತ ಹೆಸರಿಟ್ಟಾರ್ರಿ ನಿಮಗ?"

ನಮ್ಮ ಕಡೆ ಯಾವೂರು, ಯಾರ ಮನೆ ಎಂದು ಕೇಳಿ, ಹೆಸರನ್ನು ಕಡೆಗೆ ಕೇಳುತ್ತಾರೆ. ನನ್ನ ಹೆಸರು ಹೇಳಿದೆ.

ಮುದುಕಿ ಚಹಾದ ಬಸಿಯನ್ನು ಕೆಳಗಿಟ್ಟಳು. ಜಾರಿದ್ದ ಸೆರಗನ್ನು ಎಳೆದು ತಲೆಯ ಮೇಲೆ ಹೊದ್ದು, ಹಿರಿಯರ ಎದುರಿಗೆ ಕೂತಂತೆ ಕಾಲು ಮಡಚಿಕೊಂಡಳು.

ನನಗೆ ತಿಳಿಯಿತು. "ಗಡಿಬಿಡ್ಯಾಗ ಮರತೆ ಅಂದ್ರಂತ್ರಿ" ಎಂದೆ.

"ನಮ್ಮತ್ತಿ ಏನೂ ಮರೀತಿದ್ದಿಲ್ರಿ" ಅಂದಳು ಮುದುಕಿ. ನನ್ನ ಮೊಣಕಾಲು ಮುಟ್ಟಿದಳು. "ಇನ್ನೊಮ್ಮಿ ಅನ್ರಿ ಆ ಹೆಸರ. ಕೇಳಿ ಭಾಳ ವರ್ಷ ಆತು."

ಅಂದೆ. ಈ ಸಲ ಮಷೀನ್ ಬಾಯಿಯನ್ನೇ ಕರೆದಂತೆ ಅಂದೆ.